ನಿಂತ ಮೋಟಾರು, ಓಡುವ ಮೋಟಾರು

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ. ಕಲ್ಲಿನಲ್ಲಿ ಕಟ್ಟಿದ್ದು ಬಿಸಿಲು ಮಳೆಗಳನ್ನು ತಡೆದು ನಿಲ್ಲುತ್ತದೆ. ಕಬ್ಬಿಣದಲ್ಲಿ ಕಟ್ಟಿದ್ದರ ಪಾಡು ಬೇರೆ. ಅದರಲ್ಲೂ ಓಡುವುದಕ್ಕಾಗಿಯೇ ಕಟ್ಟಿದ ಕಬ್ಬಿಣ ಓಡದೆ ನಿಂತರೆ, ಓಡಿ ಸವೆಯುವುದಕ್ಕಿಂತಲೂ ಬೇಗ ಹಾಳಾಗುತ್ತದೆ.

ಇಂತಹ ಊರಿನಲ್ಲಿ ಕಬ್ಬು ಭತ್ತಗಳ ಬೇಸಾಯದ ಗೃಹಸ್ಥನೊಬ್ಬ, ಒಂದು ಕಾಲದಲ್ಲಿ ಬೆಂಗಳೂರಿನ ಸಿರಿವಂತರ ಮನೆಯ ಮುಂದೆ ಹೊಳೆಯುತ್ತಿದ್ದ ಮರ್ಸಿಡಿಸ್ ಕಾರೊಂದನ್ನು ಕೊಂಡು ತಂದನೆಂದು ಊಹಿಸಿಕೊಳ್ಳಬಹುದು. ಊಹೆಗೆ ಮೀರಿದ ಸಂಗತಿಯೇನೂ ಇದಲ್ಲ. ಮೂವತ್ತು ವರ್ಷ ದಾಟಿದ ಇಂತಹ ಕಾರು ಹೊಸ ಸಣ್ಣ ಕಾರಿಗಿಂತ ಅಗ್ಗಕ್ಕೆ ದೊರೆಯುವುದುಂಟು. ಅವನ ಆಸೆಯೂ ಸರಳವಾದುದೇ. ಮಗಳನ್ನು ಕಾಲೇಜಿಗೆ ಬಿಡಬೇಕು, ಪೇಟೆಗೆ ಹೋಗಿ ಬರಬೇಕು, ವಾರಕ್ಕೊಮ್ಮೆ ಪಾಂಡವಪುರದ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೋ ಮೈಸೂರಿಗೋ ಹೋಗಬೇಕು. ಅದನ್ನೆಲ್ಲ ಈ ಹಳೆಯ ಮೋಟಾರಿನಲ್ಲೇ ಮಾಡಬೇಕು. ಸರಳವಾದ ಈ ಆಸೆಯ ಬೆನ್ನಿಗೆ ಒಂದು ಗಡುಸಾದ ಪ್ರಶ್ನೆ ಬರುತ್ತದೆ: ಈ ಕಾರನ್ನು ಇದ್ದಂತೆಯೇ ಉಳಿಸಿಕೊಳ್ಳುವುದೊ, ಇಂದಿನ ಹಾದಿಗೆ ತಕ್ಕಂತೆ ಬದಲಿಸುವುದೊ?

ಇದ್ದಂತೆಯೇ ಉಳಿಸುವ ದಾರಿಯನ್ನು ನೋಡಬೇಕಾದರೆ ಆತ ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಬಳಿ, ಬೆಂಗಳೂರು ಮೈಸೂರು ಹೆದ್ದಾರಿಯ ಪಕ್ಕದಲ್ಲಿ, ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳ ‘ಪಯಣ’ ವಸ್ತುಸಂಗ್ರಹಾಲಯ 2023ರಲ್ಲಿ ತೆರೆಯಿತು. ಕಟ್ಟಡದ ಆಕಾರವೇ ಗಾಲಿಯದು. ಒಳಗೆ ಅರವತ್ತಕ್ಕೂ ಹೆಚ್ಚು ವಾಹನಗಳು ಕನ್ನಡಿಯಂತೆ ಹೊಳೆಯುತ್ತ ಸಾಲುಗಟ್ಟಿ ನಿಂತಿವೆ. ಹಿತ್ತಾಳೆಯ ದೀಪ, ಕಡ್ಡಿಗಳ ಗಾಲಿ, ಮಂಚದಷ್ಟು ಅಗಲವಾದ ಹಿಂದಿನ ಪೀಠ, ಇವನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಮುದುಕರು ತಾವು ಬಾಲ್ಯದಲ್ಲಿ ಧೂಳಿನ ಹಿಂದೆ ಓಡಿದ್ದನ್ನು ನೆನೆಯುತ್ತಾರೆ. ಆದರೆ ಅವು ಅಲ್ಲಿ ಇರುವುದು ನೋಡುವುದಕ್ಕೆ. ಮಳೆಗಾಲದ ಮುಂಜಾನೆ ಸೊಪ್ಪಿನ ಹೊರೆ ಹೇರಿಕೊಂಡು ಸಂತೆಗೆ ಹೊರಡುವ ಕಷ್ಟ ಅವುಗಳಿಗಿಲ್ಲ.

ಮೈಸೂರು ಸೀಮೆಗೂ ಶ್ರೀಮಂತ ಮೋಟಾರುಗಳಿಗೂ ನಂಟು ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರು ರೋಲ್ಸ್ ರಾಯ್ಸ್ ಕಾರುಗಳನ್ನು ಒಂದೊಂದಾಗಿ ಕೊಳ್ಳದೆ ಏಳೇಳರ ಗುಂಪಾಗಿ ತರಿಸುತ್ತಿದ್ದರೆಂದೂ, ಹಾಗೆ ಒಟ್ಟೊಟ್ಟಿಗೆ ಕೊಳ್ಳುವುದಕ್ಕೆ ಆ ಕಂಪೆನಿಯ ಮಾರಾಟಗಾರರು ‘ಮೈಸೂರು ಮಾಡುವುದು’ ಎಂದೇ ಹೆಸರಿಟ್ಟಿದ್ದರೆಂದೂ ಪ್ರತೀತಿ ಇದೆ. ಕೊಳ್ಳುವುದಷ್ಟೇ ಅಲ್ಲ, ಮೋಟಾರನ್ನು ಇಲ್ಲಿಯೇ ಕಟ್ಟಬೇಕೆಂಬ ಹಂಬಲವೂ ಈ ಸೀಮೆಗೆ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿ, ಉದ್ಯಮಿ ವಾಲ್‌ಚಂದ್ ಹೀರಾಚಂದರೊಡನೆ ಶ್ರಮಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಮೈಸೂರಿನ ಕನಸು ಮೈಸೂರಿನಲ್ಲಿ ನನಸಾಗಲಿಲ್ಲ. ವಾಲ್‌ಚಂದರು 1944ರಲ್ಲಿ ಮುಂಬಯಿಯ ಕಡೆ ಪ್ರೀಮಿಯರ್ ಸಂಸ್ಥೆಯನ್ನು ಸ್ಥಾಪಿಸಿದರು. ಡಾಜ್, ಪ್ಲಿಮತ್ ಎಂಬ ಅಮೆರಿಕದ ದೊಡ್ಡ ಕಾರುಗಳು ಅಲ್ಲಿಂದ ಜೋಡಣೆಯಾಗಿ ಹೊರಬಂದವು.

ಈ ದೊಡ್ಡ ಕಾರುಗಳ ಮುಂದಿನ ಕಥೆ ಸಿಂಧಘಟ್ಟದ ಗೃಹಸ್ಥನಿಗೆ ನೇರವಾಗಿ ಸಂಬಂಧಿಸಿದ್ದು. 1950ರ ದಶಕದ ಮಧ್ಯದ ಹೊತ್ತಿಗೆ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಭಾರತದಲ್ಲಿ ಜೋಡಣೆಯ ಕೆಲಸವನ್ನು ನಿಲ್ಲಿಸಿದವು. ಆಮದಿನ ಬಾಗಿಲೂ ಬಿಗಿಯಾಯಿತು. ಆಗ ಇದ್ದ ಷೆವ್ರೊಲೆ, ಬ್ಯೂಕ್, ಡಾಜ್‌ಗಳು ಇದ್ದಷ್ಟೇ ಆದವು. ಕೆಟ್ಟರೆ ಬಿಡಿಭಾಗವಿಲ್ಲ, ಕುಡಿಯುವ ಪೆಟ್ರೋಲಿಗೆ ಮಿತಿಯಿಲ್ಲ. 1973ರಲ್ಲಿ ಜಗತ್ತಿನಾದ್ಯಂತ ಎಣ್ಣೆಯ ಬೆಲೆ ಏರಿದಾಗಲಂತೂ ಅವುಗಳ ಒಡೆಯರು ಕಂಗೆಟ್ಟರು. ನಮ್ಮ ದೇಶದ ಮೇಸ್ತ್ರಿಗಳು ಆಗ ಕಂಡುಕೊಂಡ ಉಪಾಯ ಸಾಹಸದ್ದು. ಹಾಯಾಗಿ ಉಸಿರಾಡುತ್ತಿದ್ದ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನನ್ನು ಎತ್ತಿ ತೆಗೆದು, ಆ ಜಾಗದಲ್ಲಿ ಡೀಸೆಲ್ ಎಂಜಿನ್ ಕೂರಿಸಿದರು. ಮದರಾಸಿನಲ್ಲಿ ತಯಾರಾಗುತ್ತಿದ್ದ ಪರ್ಕಿನ್ಸ್ ಎಂಜಿನ್ನುಗಳು ಇದಕ್ಕೆ ಒದಗಿ ಬಂದವು. ಮಹಾರಾಜರಂತೆ ಮೌನವಾಗಿ ಸಾಗುತ್ತಿದ್ದ ಕಾರು ನೀರೆತ್ತುವ ಯಂತ್ರದಂತೆ ಗುಡುಗತೊಡಗಿತು. ಆದರೂ ಅದು ಓಡಿತು. ಬಾಡಿಗೆ ದುಡಿಯಿತು, ಎಷ್ಟೋ ಸಂಸಾರಗಳನ್ನು ಸಾಕಿತು.

ಇಂದು ಅದೇ ಕಾರುಗಳನ್ನು ಪುನರುದ್ಧಾರ ಮಾಡುವ ರಸಿಕರು ಆ ಡೀಸೆಲ್ ಎಂಜಿನ್ನನ್ನು ಕಿತ್ತು ಬಿಸುಟು, ಮೂಲದ ಎಂಜಿನ್ನಿಗಾಗಿ ದೇಶವಿದೇಶಗಳಲ್ಲಿ ಹುಡುಕುತ್ತಾರೆ. ಅಂದು ಅದನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದವರನ್ನು ಶಪಿಸುತ್ತಾರೆ. ಈ ಶಾಪದಲ್ಲಿ ನ್ಯಾಯವಿದೆಯೆ? ಡೀಸೆಲ್ ಕೂರಿಸದೆ ಇದ್ದಿದ್ದರೆ ಎಂಜಿನ್ನಿನೊಡನೆ ಕಾರೂ ಗುಜರಿಯ ಪಾಲಾಗುತ್ತಿತ್ತು ಎಂಬುದನ್ನು ಇವರು ಮರೆಯುತ್ತಾರೆ.

ಕಾನೂನು ಈ ಎರಡು ದಾರಿಗಳ ನಡುವೆ ಸ್ಪಷ್ಟವಾದ ಗೆರೆಯನ್ನು ಎಳೆದಿದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಮೂಲರೂಪದಲ್ಲೇ ಉಳಿದ ಕಾರುಗಳನ್ನು ಪುರಾತನ ವಾಹನಗಳೆಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಹಾಗೆ ನೋಂದಣಿಯಾದ ಕಾರನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ ಹೊರಗೆ ತರಬಹುದು. ಐವತ್ತು ತುಂಬದ ಕಾರಿಗೆ ಈ ಮರ್ಯಾದೆಯೂ ಇಲ್ಲ. ಅದು ಹದಿನೈದು ವರ್ಷ ಕಳೆದ ಮೇಲೆ ಐದು ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು ಆರ್.ಸಿ.ಯನ್ನು ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲಿನಿಂದ ಇದರ ಶುಲ್ಕ 5,000 ರೂಪಾಯಿಗೆ ಏರಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ದೆಹಲಿಯಲ್ಲಿ ಡೀಸೆಲಿಗೆ ಹತ್ತು, ಪೆಟ್ರೋಲಿಗೆ ಹದಿನೈದು ಎಂದು ಕಾರಿನ ಆಯುಸ್ಸಿಗೇ ನ್ಯಾಯಾಲಯಗಳು ಮಿತಿ ಹಾಕಿದುದನ್ನು ನೆನೆದರೆ, ಕರ್ನಾಟಕದ ಹಳೆಯ ಕಾರಿನ ಒಡೆಯ ಪುಣ್ಯವಂತನೇ.

ಬದಲಾವಣೆಯ ವಿಷಯದಲ್ಲಿಯೂ ಮನಸ್ಸು ಬಂದಂತೆ ನಡೆಯುವುದಕ್ಕೆ ಅವಕಾಶವಿಲ್ಲ. ತಯಾರಕರು ನಿಗದಿಪಡಿಸಿದ ಸ್ವರೂಪವನ್ನು ಮೀರಿ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಅಂದಿನ ಮೇಸ್ತ್ರಿಯಂತೆ ಬೇರೊಂದು ಎಂಜಿನ್ ತಂದು ಕೂರಿಸಿದರೆ ನೋಂದಣಿಯೇ ರದ್ದಾಗಬಹುದು. ಅಪಘಾತವಾದಾಗ ವಿಮೆಯವರು ಕೈ ಎತ್ತುವುದಕ್ಕೂ ಅದು ಸಾಕು.

ಹಾಗಾದರೆ ಗೃಹಸ್ಥ ಮಾಡಬಹುದಾದದ್ದು ಏನು? ಬಹಳವಿದೆ. ಮರ್ಸಿಡಿಸ್ ಸಂಸ್ಥೆ 1994ರಲ್ಲಿ ಭಾರತದಲ್ಲಿ ನೆಲೆಯೂರಿ, ಮರುವರ್ಷ ಪುಣೆಯಲ್ಲಿ ತನ್ನ ‘124’ ಮಾದರಿಯ ಕಾರನ್ನು ಜೋಡಿಸತೊಡಗಿತು. ಕಟ್ಟಡದಂತೆ ಗಟ್ಟಿಯಾದ ಕಾರೆಂದು ಅದಕ್ಕೆ ಲೋಕವಿಖ್ಯಾತಿ. ಸರಿಯಾಗಿ ನೋಡಿಕೊಂಡರೆ ಅದರ ಎಂಜಿನ್ ಲಕ್ಷಾಂತರ ಕಿಲೋಮೀಟರ್ ಓಡುತ್ತದೆ. ಮುಪ್ಪು ಬರುವುದು ಕಬ್ಬಿಣಕ್ಕಲ್ಲ, ರಬ್ಬರಿಗೆ. ಬುಷ್‌ಗಳು, ಎಂಜಿನ್ನನ್ನು ಹೊತ್ತ ರಬ್ಬರ್ ಗದ್ದಿಗೆಗಳು, ನೀರಿನ ಹೋಸ್ ಪೈಪುಗಳು, ಬ್ರೇಕಿನ ಪೈಪುಗಳು ನಿಂತಲ್ಲೇ ಒಣಗಿ ಬಿರಿಯುತ್ತವೆ. ಇನ್ನೊಂದು ಶತ್ರು ತಂತಿ. 1990ರ ದಶಕದ ಮೊದಲರ್ಧದ ಅನೇಕ ಮರ್ಸಿಡಿಸ್ ಕಾರುಗಳಲ್ಲಿ ಎಂಜಿನ್ನಿನ ತಂತಿಗಳ ಹೊದಿಕೆ ಶಾಖಕ್ಕೆ ಹಪ್ಪಳದಂತೆ ಪುಡಿಯಾಗುತ್ತದೆ. ತಂತಿಗೆ ತಂತಿ ತಾಕಿ, ಕಾರು ಕಾರಣವಿಲ್ಲದೆ ಕೆಮ್ಮುತ್ತದೆ, ನಡುದಾರಿಯಲ್ಲಿ ನಿಲ್ಲುತ್ತದೆ. ಮೇಸ್ತ್ರಿ ಕಾರ್ಬನ್ ತೆಗೆದು, ಪ್ಲಗ್ ಬದಲಿಸಿ, ಪಂಪನ್ನು ಶಂಕಿಸಿ ಸಾವಿರಾರು ರೂಪಾಯಿ ಕರಗಿಸಿದ ಮೇಲೆ ತಂತಿಯ ನೆನಪಾಗುತ್ತದೆ. ಹೊಸ ತಂತಿಯ ಕಟ್ಟು ಹಾಕಿಸುವುದೇ ಮೊದಲ ಕೆಲಸವಾಗಬೇಕು.

ಇದಕ್ಕಿಂತ ಹಿಂದಿನ, 1970 ಮತ್ತು 80ರ ದಶಕಗಳ ಡೀಸೆಲ್ ಮರ್ಸಿಡಿಸ್‌ಗಳದು ಇನ್ನೂ ವಿನೋದದ ಸಂಗತಿ. ಅವುಗಳಲ್ಲಿ ಎಂಜಿನ್ನನ್ನು ನಿಲ್ಲಿಸುವುದು ವಿದ್ಯುತ್ತಲ್ಲ, ಗಾಳಿಯ ಎಳೆತ. ಬಾಗಿಲುಗಳ ಬೀಗವನ್ನು ನಡೆಸುವುದೂ ಅದೇ. ಎಲ್ಲೋ ಒಂದು ಸಣ್ಣ ಕೊಳವೆ ಸೀಳಿದರೆ, ಒಡೆಯ ಬೀಗದ ಕೈ ತೆಗೆದು ಕಿಸೆಗೆ ಹಾಕಿಕೊಂಡು ಇಳಿದು ನಿಂತರೂ ಎಂಜಿನ್ ತನ್ನಷ್ಟಕ್ಕೆ ತಾನು ಗುಡುಗುತ್ತಲೇ ಇರುತ್ತದೆ! ದೆವ್ವದ ಚೇಷ್ಟೆಯಲ್ಲ, ಬೆರಳುದ್ದದ ರಬ್ಬರಿನ ತುಂಡು ಹಾಕಿದರೆ ಗುಣವಾಗುವ ರೋಗ.

ಬ್ರೇಕಿನ ವಿಷಯದಲ್ಲಿ ಮಾತ್ರ ವಿನೋದ ಸಲ್ಲದು. 1960ರ ದಶಕದವರೆಗಿನ ಅನೇಕ ದೊಡ್ಡ ಕಾರುಗಳಲ್ಲಿ ನಾಲ್ಕು ಗಾಲಿಗಳ ಬ್ರೇಕಿಗೂ ಒಂದೇ ಕೊಳವೆಯ ಜಾಲ. ಒಂದೆಡೆ ಸೋರಿದರೆ ನಾಲ್ಕೂ ಹೋದವು. ಅಂತಹ ಕಾರನ್ನು ನಿತ್ಯ ಓಡಿಸುವವನು ಜಾಲವನ್ನು ಎರಡಾಗಿ ವಿಭಜಿಸಬೇಕೆಂದು ತಜ್ಞರು ಹೇಳುವುದು ಅಂದಕ್ಕಲ್ಲ, ಪ್ರಾಣಕ್ಕೆ. ಇಲ್ಲಿ ಮೂಲರೂಪದ ಹಟ ಹಿಡಿಯುವುದು ಮೌಢ್ಯ. ಆದರೆ ಸಾರಿಗೆ ಅಧಿಕಾರಿಯನ್ನು ಕೇಳಿಯೇ ಮಾಡಬೇಕು. ಹೊಸ ಕಾಲದ ಕಾರಿನಲ್ಲಿಯೂ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತುವಾದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಟಯರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳು ಒತ್ತಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಸವೆದಿಲ್ಲವೆಂದು ಹದಿನೈದು ವರ್ಷದ ಟಯರನ್ನು ನಂಬಿ, ಗಂಟೆಗೆ ನೂರು ಕಿಲೋಮೀಟರ್ ವೇಗದ ಹೊಸ ಹೆದ್ದಾರಿಗೆ ಇಳಿಯುವುದು ಆತ್ಮಹತ್ಯೆಗೆ ಸಮಾನ. ಹವಾನಿಯಂತ್ರಣದಲ್ಲಿ ಹಳೆಯ ಗ್ಯಾಸಿನ ಬದಲು ಹೊಸದನ್ನು ತುಂಬುವಾಗ ಅದರ ಎಣ್ಣೆ, ಸೀಲು, ಡ್ರೈಯರುಗಳನ್ನೂ ಬದಲಿಸಬೇಕು. ದೀಪಗಳಿಗೆ ರಿಲೇ ಹಾಕಿಸಿದರೆ ಹಳೆಯ ಸ್ವಿಚ್ಚು ಸುಡುವುದಿಲ್ಲ. ಎದುರಿನವನ ಕಣ್ಣು ಕುಕ್ಕುವ ಬಲ್ಬು ಮಾತ್ರ ಬೇಡ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿವೆ, ಶಿವಾಜಿನಗರದ ಗುಜರಿಗಳಿವೆ, ಕೊನೆಗೆ ಜರ್ಮನಿಯೂ ಇದೆ. ಕಾರಿನ ಬೆಲೆ ಅಗ್ಗವೆಂದು ಮೋಸಹೋಗುವವನು ಇಲ್ಲಿ ಎಚ್ಚರಗೊಳ್ಳುತ್ತಾನೆ. ಮಾರುವಾಗ ಕಾರಿನ ದರ ಇಳಿಯುತ್ತದೆ; ಅದರ ಬಿಡಿಭಾಗದ ದರ ಇಳಿಯುವುದಿಲ್ಲ. ಕಾರಿಗೆ ಕೊಟ್ಟಷ್ಟೇ ಹಣವನ್ನು ದುರಸ್ತಿಗೆಂದು ಮೊದಲೇ ತೆಗೆದಿರಿಸದವನು ಇದಕ್ಕೆ ಕೈ ಹಾಕದಿರುವುದು ಲೇಸು.

ಸಿಂಧಘಟ್ಟದ ಹಾದಿಗೆ ತನ್ನದೇ ಆದ ಪರೀಕ್ಷೆಗಳಿವೆ. ಮಂಡ್ಯ ಜಿಲ್ಲೆಯ ಕಬ್ಬಿನ ಲೋಡಿನ ಟ್ರ್ಯಾಕ್ಟರುಗಳ ಹಿಂದೆ ಕಡಿಮೆ ಗೇರಿನಲ್ಲಿ ತೆವಳುವಾಗ ರೇಡಿಯೇಟರು ಕಾಯುತ್ತದೆ. ತಗ್ಗಾದ ಕಾರಿನ ಹೊಟ್ಟೆಯನ್ನು ಊರೂರಿನ ಹಂಪುಗಳು ಕೆರೆಯುತ್ತವೆ. ಸುಗ್ಗಿಯಲ್ಲಿ ಹುರುಳಿ ರಾಗಿಗಳನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದು ಈ ಕಡೆಯ ರೂಢಿ. ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಷಾಫ್ಟು ತಿರುಗುತ್ತ ಹುರುಳಿ ಬಳ್ಳಿಯನ್ನು ನೂಲಿನಂತೆ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರು ಪಕ್ಕದಲ್ಲೇ ಇರುತ್ತದೆ. ಹೀಗೆ ಬೆಂಕಿ ಹತ್ತಿ ಭಸ್ಮವಾದ ಕಾರುಗಳ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದುಂಟು. ಬಲ್ಲವನು ಒಕ್ಕಣೆ ದಾಟಿದ ಕೂಡಲೆ ಕಾರು ನಿಲ್ಲಿಸಿ, ಬಗ್ಗಿ ನೋಡಿ, ಬಳ್ಳಿಯನ್ನು ಕಿತ್ತು ಮುಂದೆ ಹೋಗುತ್ತಾನೆ.

ಕಬ್ಬು ಇನ್ನೊಂದು ರೂಪದಲ್ಲಿಯೂ ಕಾರನ್ನು ಮುಟ್ಟುತ್ತದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಯಿತು. ಅದರಲ್ಲಿ ಕಬ್ಬಿನ ಪಾಲೂ ಉಂಟು. ಬೆಳೆಗಾರನಿಗೆ ಅದು ಒಳ್ಳೆಯ ಸುದ್ದಿಯೇ. ಆದರೆ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೆಂದು ಮಾಡಿರದ ಹಳೆಯ ರಬ್ಬರನ್ನು ಮೆದುವಾಗಿಸಿ ಸೀಳುತ್ತದೆ. ತಾನೇ ಬೆಳೆದ ಕಬ್ಬಿನ ಸಾರ ತನ್ನದೇ ಕಾರಿನ ಪೈಪನ್ನು ತಿನ್ನುವುದನ್ನು ಕಂಡು ಗೃಹಸ್ಥ ನಗಬೇಕೊ ಅಳಬೇಕೊ? ಪೆಟ್ರೋಲ್ ಸಾಗುವ ಪೈಪುಗಳನ್ನೆಲ್ಲ ಎಥನಾಲ್ ತಾಳುವ ಹೊಸವುಗಳಿಂದ ಬದಲಿಸಬೇಕು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಎಣ್ಣೆ ನಿಲ್ಲದಂತೆ ನೋಡಿಕೊಳ್ಳಬೇಕು. ಎರಡನೆಯದಕ್ಕೆ ನಿತ್ಯ ಓಡಿಸುವುದಕ್ಕಿಂತ ಸುಲಭವಾದ ಉಪಾಯವಿಲ್ಲ.

ಈ ಎಲ್ಲ ಕೆಲಸದಲ್ಲಿ ಒಂದು ನಿಯಮವನ್ನು ಮಾತ್ರ ಗೃಹಸ್ಥ ತಪ್ಪದೆ ಪಾಲಿಸುವುದು ಒಳ್ಳೆಯದು. ಮೈಯನ್ನು ಕೊರೆಯದೆ, ಕತ್ತರಿಸದೆ, ಮುಂದೆ ಬೇಕೆಂದಾಗ ತೆಗೆದುಹಾಕಬಹುದಾದ ಬದಲಾವಣೆಯನ್ನಷ್ಟೇ ಮಾಡಿಸಬೇಕು. ತೆಗೆದ ಮೂಲ ಭಾಗಗಳನ್ನು, ಹಳೆಯ ರೇಡಿಯೊ, ದೀಪದ ಬುರುಡೆ, ಸ್ವಿಚ್ಚು ಯಾವುದೇ ಇರಲಿ, ಗುಜರಿಗೆ ಹಾಕದೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದ ಚೀಟಿ ಕಟ್ಟಿ ಅಟ್ಟದ ಮೇಲೆ ಇಡಬೇಕು. ಕಾರನ್ನು ಮಾರುವ ದಿನ ಬಂದರೆ ಆ ಪೆಟ್ಟಿಗೆಯೂ ಕಾರಿನ ಹಿಂದೆಯೇ ಹೋಗಬೇಕು.