ಭೂಮಿ ಬಿಸಿಯಾಗೋದು ನಿಂತಿತ್ತಾ?

ಜನವರಿ ಬೆಳಿಗ್ಗೆ, ಕಂಪಲಾಪುರದ ತಂಬಾಕು ಹರಾಜು ಮಾರುಕಟ್ಟೆ. ಬೇಲ್ ಇಳಿಸ್ತಾ ಒಬ್ಬರು ಕೇಳ್ತಾರೆ: "ಈ ಚಳಿ ನೋಡುದ್ರಾ? ಭೂಮಿ ಬಿಸಿಯಾಯ್ತು ಅಂದೋರೆಲ್ಲಿ?"

ವಿಜ್ಞಾನಿಗಳ ನಡುವೆಯೂ ಇಂಥದ್ದೇ ಚರ್ಚೆ ನಡೆದಿತ್ತು. 1998ರಲ್ಲಿ ಎಲ್ ನಿನೋ, ಅಂದ್ರೆ ಪೆಸಿಫಿಕ್ ಸಾಗರದ ಮೇಲ್ಪದರ ಕಾಯೋದು, ಜೋರಾಗಿ ಭೂಮಿ ಸಿಕ್ಕಾಪಟ್ಟೆ ಕಾದಿತ್ತು. ಅಲ್ಲಿಂದ 2012ರವರೆಗೆ ಲೆಕ್ಕ ಹಾಕಿದ್ರೆ ಏರಿಕೆ ದಶಕಕ್ಕೆ ಬರೀ 0.05 ಡಿಗ್ರಿ. 1951ರಿಂದ ಹಾಕಿದ್ರೆ 0.12. ಎರಡೂ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2013ರಲ್ಲಿ ಕೊಟ್ಟ ಲೆಕ್ಕವೇ.

ಲೆಕ್ಕ ಎಲ್ಲಿಂದ ಶುರು ಮಾಡ್ತೀವಿ ಅನ್ನೋದು ಮುಖ್ಯ. ನಮ್ಮ ಎಚ್.ಡಿ. ಕೋಟೆಯ ಕಬಿನಿ ಜಲಾಶಯ ನೋಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ. 2024ರ ಜುಲೈನಲ್ಲಿ ವಯನಾಡಿನ ಮಳೆಗೆ ಡ್ಯಾಂ ತುಂಬಿ, ಗೇಟು ತೆಗೆದು ನೀರು ಬಿಟ್ಟರು. ಈ ಎರಡೇ ವರ್ಷ ಹಿಡ್ಕೊಂಡು "ಮಳೆ ಹೆಚ್ಚಾಗ್ತಿದೆ" ಅಂದ್ರೆ ಕೆ.ಆರ್. ನಗರದ ಭತ್ತದ ರೈತರು ನಗ್ತಾರೆ. ಸಿಕ್ಕಾಪಟ್ಟೆ ಕಾದಿದ್ದ 1998ರಿಂದ ಶುರು ಮಾಡೋದೂ ಅದೇ ಆಟ.

ಹಾಗಂತ ಏರಿಕೆ ನಿಧಾನ ಆಯ್ತು ಅನ್ನೋದು ಪೂರ್ತಿ ಸುಳ್ಳೂ ಅಲ್ಲ. ಭೂಮಿಯಲ್ಲಿ ಉಳಿಯೋ ಹೆಚ್ಚುವರಿ ಶಾಖದಲ್ಲಿ ಶೇ. 90ಕ್ಕೂ ಹೆಚ್ಚು ಸೇರೋದು ಸಮುದ್ರಕ್ಕೆ. ಆ ವರ್ಷಗಳಲ್ಲಿ ಪೆಸಿಫಿಕ್‌ನ ಜೋರು ಗಾಳಿ ಅದನ್ನ ಇನ್ನಷ್ಟು ಆಳಕ್ಕೆ ತಳ್ಳಿತ್ತು. ಭೂಮಿಯ ಮೇಲ್ಮೈಯಲ್ಲಿ ನಿಧಾನ, ನೀರಿನ ಆಳದಲ್ಲಿ ಅಲ್ಲ.

ಆಮೇಲೇನಾಯ್ತು? 2024ರ ಕೊನೆಗೆ ದಾಖಲೆಯ ಅತಿ ಬಿಸಿಯ ಹತ್ತು ವರ್ಷ ಅಂದ್ರೆ 2015ರಿಂದ 2024 ಆಗಿದ್ದವು. ಕೈಗಾರಿಕೆಗಳು ಬರೋ ಮುಂಚಿನ ಕಾಲಕ್ಕಿಂತ 2024 ಸುಮಾರು 1.55 ಡಿಗ್ರಿ ಹೆಚ್ಚು ಬಿಸಿ.