ಮರ ಹತ್ತುವ ಹಗ್ಗ ಎಷ್ಟು ದಪ್ಪ ಇರಬೇಕು?

ಪ್ರಶ್ನೆ: ಹುಣಸೆ ಮರದ ಕೊಂಬೆ ಸವರಲು ಹಗ್ಗ ಹಿಡಿದು ಹತ್ತಿದರೆ ಕೈ ಬೊಬ್ಬೆ ಬರುತ್ತದೆ. ಎಷ್ಟು ದಪ್ಪದ್ದು ಕೊಳ್ಳಲಿ? (ಹಿರಿಯೂರಿನ ಓದುಗರು)

ಉತ್ತರ: 12ರಿಂದ 13 ಮಿ.ಮೀ. ಕೊಳ್ಳಿ. ಬಲಕ್ಕೆ ಅಷ್ಟು ಬೇಕಿಲ್ಲ. ಯುರೋಪಿನ ಇಎನ್ 1891 ಮಾನದಂಡದ ‘ಎ’ ದರ್ಜೆಯ 11 ಮಿ.ಮೀ. ಹಗ್ಗವೂ ಸುಮಾರು 2,200 ಕಿಲೋ ಎಳೆತ ತಾಳಲೇಬೇಕು. ದಪ್ಪ ಬೇಕಿರುವುದು ಅಂಗೈಗೆ. ಸಣ್ಣ ಹಗ್ಗವನ್ನು ಬಿಗಿಹಿಡಿದಷ್ಟೂ ಮುಂಗೈ ಸೋಲುತ್ತದೆ, ಬೆರಳ ಸಂದಿ ಉರಿಯುತ್ತದೆ. 16 ಮಿ.ಮೀ. ಆದರೆ ಹೊರಲು ಭಾರ, ಗಂಟೂ ನೆಟ್ಟಗೆ ಕೂರದು. ಸಂತೆಯ ಪ್ಲಾಸ್ಟಿಕ್ ಹಗ್ಗ ದನ ಕಟ್ಟಲು ಸರಿ, ಜೀವ ನೇತುಹಾಕಲು ಖಂಡಿತ ಬೇಡ: ನಮ್ಮ ಬಿಸಿಲಿಗೆ ಅದರ ಎಳೆ ಪುಡಿಯಾಗುತ್ತದೆ, ಜೋರಾಗಿ ಉಜ್ಜಿದರೆ ಕರಗುತ್ತದೆ. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಕಾಲಿಗೆ ಹಾಕುವ ಹಗ್ಗ ಕೈಗಿಂತ ಪಾದಕ್ಕೆ ಹಿತವಾಗಿರಬೇಕು.