ಡಬ್ಬದ ಹಿಂಬದಿ ಓದಿದಿರಾ?

ಸಾರಿನಪುಡಿಯ ವಿಷಯ ಬಿಟ್ಟು ಮುನಿರ್ಕಾದ ಗೃಹಿಣಿಯೊಬ್ಬಳು ಎಂಜಿನ್ ಆಯಿಲ್ ಬಗ್ಗೆ ಬರೆಯುವುದೇ ಎಂದು ನಗಬೇಡಿ, ಮಕ್ಕಳೇ. ರಾವ್ ತುಲಾರಾಮ್ ಮಾರ್ಗದ ನಮ್ಮ ಸಂಘದ ಕಟ್ಟಡದ ಮುಂದೆ ಬೈಕು ನಿಲ್ಲಿಸುವ ನಿಮ್ಮಲ್ಲೇ ಕೆಲವರು, "ಆಂಟಿ, ಸಿಂಥೆಟಿಕ್ ಹಾಕಿದ್ರೆ ಸಾಕಲ್ವಾ?" ಎಂದು ಕೇಳಿದ್ದೀರಿ. ಸಾಲದು. ಹೇಗೆಂದು ಕೇಳಿ.

ಕಳೆದ ಚಳಿಗಾಲದಲ್ಲಿ ನನ್ನ ಮಗ ತನ್ನ ಬೈಕಿಗೆ ಕಾರಿನ ಸಿಂಥೆಟಿಕ್ ಎಣ್ಣೆ ಹಾಕಿಸಿಕೊಂಡು ಬಂದ. ಬೆಲೆ ಜಾಸ್ತಿ, ಆದ್ದರಿಂದ ಒಳ್ಳೆಯದು ಎಂಬುದು ಅವನ ಲೆಕ್ಕ. ಎರಡು ವಾರ ಕಳೆದಿರಬೇಕು, ಔಟರ್ ರಿಂಗ್ ರೋಡಿನ ಮೇಲ್ಸೇತುವೆ ಹತ್ತುವಾಗ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗದು. ಹಿಂದೆ ಬಸ್ಸು! ಮನೆಗೆ ಬಂದವನ ಮುಖ ಬಿಳಿಚಿಕೊಂಡಿತ್ತು. ಕ್ಲಚ್ ಜಾರುತ್ತಿದೆ ಎಂದ ಮೆಕ್ಯಾನಿಕ್. ಪ್ಲೇಟು ಮೊದಲೇ ಸ್ವಲ್ಪ ಸವೆದಿತ್ತಂತೆ, ಎಣ್ಣೆ ಉಳಿದ ಕೆಲಸ ಮುಗಿಸಿತ್ತು. ಅಂದಿನಿಂದ ನಾನು ಡಬ್ಬಗಳ ಹಿಂಬದಿ ಓದತೊಡಗಿದೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ.

ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನಲ್ಲಿ ಹಾಗಲ್ಲ. ಆದ್ದರಿಂದ ಪೆಟ್ರೋಲ್ ಉಳಿಯಲೆಂದು ಕಾರಿನ ಎಷ್ಟೋ ಎಣ್ಣೆಗಳಿಗೆ ಘರ್ಷಣೆ ತಗ್ಗಿಸುವ ಮಾಲಿಬ್ಡಿನಂನಂಥ ಪದಾರ್ಥ ಬೆರೆಸುತ್ತಾರೆ. ಕ್ಲಚ್ ಪ್ಲೇಟುಗಳಿಗೋ ಘರ್ಷಣೆಯೇ ಜೀವ! ಅದಕ್ಕೆಂದೇ ಜಪಾನಿನವರು 'ಜಾಸೋ' ಮಾನದಂಡ ಮಾಡಿದ್ದಾರೆ. ಎಂಎ, ಎಂಎ1, ಎಂಎ2 ಎಂದಿದ್ದರೆ ಬೈಕಿಗೆ. ಎಂಬಿ ಎಂದಿದ್ದರೆ ಕ್ಲಚ್ಚು ಎಣ್ಣೆಯ ಹೊರಗಿರುವ ಗೇರಿಲ್ಲದ ಸ್ಕೂಟರಿಗೆ. ಅಕ್ಕನ ಸ್ಕೂಟರಿಗೆ ತಂದು ಉಳಿದದ್ದನ್ನು ತಮ್ಮನ ಬೈಕಿಗೆ ಸುರಿಯುವ ಮಿತವ್ಯಯ ಬೇಡ.

ಹಾಗಾದರೆ ಸಿಂಥೆಟಿಕ್ ಎಂದರೇನು? ಎಣ್ಣೆಯ ಮೂಲದ್ರವದ ಮಾತು ಅಷ್ಟೇ. ಅದರಲ್ಲೂ ಕಚ್ಚಾತೈಲವನ್ನೇ ಚೆನ್ನಾಗಿ ಸಂಸ್ಕರಿಸಿದ್ದು ಒಂದು, ರಾಸಾಯನಿಕವಾಗಿ ಕಟ್ಟಿದ ಪಿಎಒ ಇನ್ನೊಂದು. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಇದೇ ಜಗಳ ಜಾಹೀರಾತು ಪಂಚಾಯಿತಿಗೆ ಹೋಗಿ, ಮೊದಲನೆಯದನ್ನೂ ಸಿಂಥೆಟಿಕ್ ಎನ್ನಬಹುದೆಂದು ತೀರ್ಮಾನವಾಯಿತು. ಮುಂಬದಿಯ ದಪ್ಪಕ್ಷರದ ಯೋಗ್ಯತೆ ಇಷ್ಟು.

ರುಚಿಯೆಲ್ಲ ಬೆರೆಸಿದ ಪುಡಿಯದು, ಹುಳಿಯ ಹಾಗೆ. ಸತು ಮತ್ತು ಫಾಸ್ಫರಸ್ ಇರುವ ಜೆಡ್‌ಡಿಡಿಪಿ ಎಂಬುದು ಲೋಹದ ಮೇಲೆ ಪೊರೆ ಕಟ್ಟಿ ಸವೆತ ತಡೆಯುತ್ತದೆ. ಆದರೆ ಅದೇ ಫಾಸ್ಫರಸ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹೀಗಾಗಿ 2020ರ ಮೇ ತಿಂಗಳಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ, ತೆಳುವಾದ 20 ಮತ್ತು 30ರ ಎಣ್ಣೆಗಳಿಗೆ ಫಾಸ್ಫರಸ್ ಶೇ. 0.06ರಿಂದ 0.08. ಗೇರುಗಳೂ ಅದೇ ಎಣ್ಣೆಯಲ್ಲಿ ಓಡುವ ಬೈಕಿಗೆ ಜಾಸೋ ಹೇಳುವುದು ಶೇ. 0.08ರಿಂದ 0.12. ಬಿಎಸ್-6 ಡೀಸೆಲ್ ಕಾರಿನ ಮಸಿ ಸೋಸುವ ಫಿಲ್ಟರಿಗೆ ಬೂದಿಯೇ ಶತ್ರು. ಅಲ್ಲಿ ಎಸಿಇಎ ಸಿ3 ನೋಡಿ, ಬೂದಿ ಶೇ. 0.8 ಮೀರದು.

ಇನ್ನು 5ಡಬ್ಲ್ಯು-30ರಂಥ ಅಂಕಿಗಳು. ಡಬ್ಲ್ಯು ಎಂದರೆ ಚಳಿಗಾಲ. 5ಡಬ್ಲ್ಯು ಪರೀಕ್ಷೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ, 0ಡಬ್ಲ್ಯು 35 ಕೆಳಗೆ. ದೆಹಲಿಯ ಜನವರಿಯಲ್ಲಿ ನಾವು ಎಷ್ಟೇ ನಡುಗಿದರೂ ಅಲ್ಲಿಗೆ ಮುಟ್ಟುವುದಿಲ್ಲ! ಆದ್ದರಿಂದ ಚಳಿಯ ಹೆಸರಿನಲ್ಲಿ 0ಡಬ್ಲ್ಯು ಮಾರಲು ಬಂದರೆ ನಂಬಬೇಡಿ. ನಿಮ್ಮ ಗಾಡಿಯ ಮ್ಯಾನುಯಲ್ ಅದನ್ನೇ ಹೇಳಿದ್ದರೆ ಹಾಕಿ, ಅದು ಮೈಲೇಜಿನ ಲೆಕ್ಕ.

ಮಗ ಹೊಸ ಕ್ಲಚ್ ಪ್ಲೇಟು ಹಾಕಿಸಿದ್ದಾನೆ. ಈಗ ಕಾಶ್ಮೀರಿ ಗೇಟಿನ ಅಂಗಡಿಯಿಂದ ಡಬ್ಬದ ಹಿಂಬದಿಯ ಫೋಟೋ ನನಗೆ ಕಳಿಸುತ್ತಾನೆ. "ಅಮ್ಮಾ, ಇದು ಸರಿಯೇನಮ್ಮಾ?" ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ನನ್ನ ಪಾಡು.